ಸರ್ಕಾರಿ ಶಾಲೆಗೊಂದು ವಶೀಲಿ

ನರೇಶನ ನೆಮ್ಮದಿ ಹಾಳಾದದ್ದು ಒಂದು ಬ್ಯಾನರಿನಿಂದ. ಹಲಸೂರಿನಲ್ಲಿ ಅವನ ಮನೆಯಿದ್ದ ಬೀದಿಯ ಕೊನೆಯಲ್ಲಿ ಒಂದು ಸರ್ಕಾರಿ ಶಾಲೆ. ಅದರ ಗೇಟಿಗೆ ಯಾರೋ ಹೊಸದಾಗಿ ಬ್ಯಾನರು ಕಟ್ಟಿದ್ದರು. "ಪ್ರವೇಶ ಆರಂಭವಾಗಿದೆ. ಶುಲ್ಕವಿಲ್ಲ. ಪರೀಕ್ಷೆಯಿಲ್ಲ. ಎಲ್ಲ ಮಕ್ಕಳಿಗೂ ಸ್ವಾಗತ" ಎಂದು ಅದರಲ್ಲಿ ಬರೆದಿತ್ತು. ಬೇರೆಯವರಾಗಿದ್ದರೆ ಓದಿ, ಸಂತೋಷಪಟ್ಟು, ಒಳಗೆ ಹೋಗುತ್ತಿದ್ದರು. ನರೇಶ ಓದಿ ಬೆವರಿದ. ಇಷ್ಟು ಸುಲಭವಾಗಿ ಕರೆಯುತ್ತಾರೆಂದರೆ ಒಳಗೆ ಏನೋ ಮಸಲತ್ತಿದೆ ಎಂದುಕೊಂಡ.

ಅವನನ್ನು ಪೂರ್ತಿ ದೂರುವಂತೆಯೂ ಇರಲಿಲ್ಲ. ಮಗಳು ಪ್ರಜ್ಞಾಳನ್ನು ಕಲ್ಯಾಣ ನಗರದ ಒಂದು ಖಾಸಗಿ ಶಾಲೆಯ ಎಲ್‌ಕೆಜಿಗೆ ಸೇರಿಸುವಾಗ ಅಲ್ಲಿಯವರು ಅವನಿಗೆ ಚೆನ್ನಾಗಿ ನೀರಿಳಿಸಿದ್ದರು. ಅಲ್ಲಿ ಸಂದರ್ಶನ ನಡೆದದ್ದು ಮಗುವಿಗಲ್ಲ, ತಂದೆತಾಯಿಗೆ. ಮೇಡಂ ಇಂಗ್ಲಿಷಿನಲ್ಲಿ ಏನೋ ಕೇಳಿದಾಗ ನರೇಶ ಗಾಬರಿಯಿಂದ ಎದ್ದು ನಿಂತು, ಕೈಕಟ್ಟಿ, ತನ್ನ ಹುಟ್ಟಿದ ತಾರೀಖು ಹೇಳಿದ್ದ. ಸೀಟು ಹೋಯಿತು ಅಂತಲೇ ಲೆಕ್ಕ. ಆಮೇಲೆ ಅವನು ಕೆಲಸ ಮಾಡುವ ಇಂದಿರಾನಗರದ ಪರದೆ ಅಂಗಡಿಯ ಯಜಮಾನ ಮುದಸ್ಸಿರ್ ಸಾಹೇಬರು ಯಾರಿಗೋ ಫೋನ್ ಮಾಡಿ, ಅವರು ಇನ್ಯಾರಿಗೋ ಮಾಡಿ, ನರೇಶ ಒಂದು ಸ್ವೀಟಿನ ಡಬ್ಬಿ ಕೊಟ್ಟುಬಂದು, ಸೀಟು ಸಿಕ್ಕಿತ್ತು. ಸೀಟೆಂಬುದು ಸಿಗುವುದು ಹೀಗೆಯೇ ಎಂಬ ಪಾಠವೊಂದನ್ನು ಆ ಶಾಲೆಯಲ್ಲಿ ಚೆನ್ನಾಗಿ ಕಲಿತವನು ನರೇಶನೊಬ್ಬನೇ.

ಪ್ರಜ್ಞಾ ಅಲ್ಲಿ ಎರಡು ವರ್ಷ ಕಳೆದಳು. ಹೆಚ್ಚಿನ ಹೊತ್ತು ಕಳೆದದ್ದು ಶಾಲೆಯಲ್ಲಲ್ಲ, ವ್ಯಾನಿನಲ್ಲಿ. ಇನ್ನೂ ಕಣ್ಣುಬಿಡದ ಮಗುವನ್ನು ಅನಾಮತ್ತು ಎತ್ತಿ ವ್ಯಾನಿಗೆ ಹಾಕಬೇಕು. ರಿಂಗ್ ರೋಡಿನ ಟ್ರಾಫಿಕ್ಕಿನಲ್ಲಿ ಅದು ನಿದ್ದೆ ಮಾಡುತ್ತಾ, ವಾಂತಿ ಮಾಡುತ್ತಾ ಹೋಗಬೇಕು. ಶಾಲೆಯೆಂದರೆ ನಾಲ್ಕು ಮಹಡಿಯ ಕಟ್ಟಡ. ಆಟದ ಮೈದಾನ ಅದರ ತಾರಸಿ.

ಮೇಲಿನ ಮನೆಯ ರಿಮ್ಶಾ ಬೀದಿಯ ಸರ್ಕಾರಿ ಶಾಲೆಯಲ್ಲಿ ಎರಡನೇ ಕ್ಲಾಸು. ಅವಳು ಬೆಲ್ ಹೊಡೆದ ಮೇಲೆ ಬಾಯಲ್ಲಿ ರಿಬ್ಬನ್ ಕಚ್ಚಿಕೊಂಡು ಓಡಿದರೂ ಪ್ರಾರ್ಥನೆ ಹೊತ್ತಿಗೆ ಸಾಲಿನಲ್ಲಿ ಇರುತ್ತಿದ್ದಳು. ಸಂಜೆ ಮೆಟ್ಟಿಲ ಮೇಲೆ ಕೂತು ತಾನು ನೆಟ್ಟ ಹುರುಳಿಕಾಯಿ ಬಳ್ಳಿಯ ಕತೆ, ಖೋಖೋದಲ್ಲಿ ಬಿದ್ದ ಕತೆ, ಊಟಕ್ಕೆ ಮೊಟ್ಟೆ ಕೊಟ್ಟ ಕತೆ ಹೇಳುತ್ತಿದ್ದಳು. ಬಸ್ಸಿನ ಬೋರ್ಡುಗಳನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಗಟ್ಟಿಯಾಗಿ ಓದುತ್ತಿದ್ದಳು. ಪ್ರಜ್ಞಾ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಳು. ಒಂದು ದಿನ ಅವಳು ಅಪ್ಪನ ತೊಡೆಗೆ ಒರಗಿ, "ಅಪ್ಪಾ, ನಂಗೂ ರಿಮ್ಶಾ ಸ್ಕೂಲು" ಅಂದಳು. ಅತ್ತು ಕೇಳಿದ್ದರೆ ನರೇಶ ಗದರಿಸುತ್ತಿದ್ದ. ಅವಳು ಮೆಲ್ಲಗೆ, ಸಿಗುವುದಿಲ್ಲ ಅಂತ ಗೊತ್ತಿದ್ದವಳ ಹಾಗೆ ಕೇಳಿದಳು. ಅವನು ಅಂದೇ ಹೆಂಡತಿಯ ಬಳಿ ವಿಷಯ ಎತ್ತಿದ.

"ಸೋಮವಾರ ಮತ್ತೆ ವ್ಯಾನು ಬರತ್ತೆ ಕಣ್ರೀ. ಅಷ್ಟ್ರೊಳಗೆ ಹೆಸರು ಬರ್ಸಿ ಬನ್ನಿ" ಎಂದು ಶುಕ್ರವಾರ ಬೆಳಿಗ್ಗೆ ಹೆಂಡತಿ ಯಮುನಾ ಹೇಳಿದಳು. ಅವಳು ಮನೆಯಲ್ಲೇ ಬ್ಲೌಸ್ ಹೊಲಿಯುವವಳು. ಮಾತೂ ಅವಳ ಹೊಲಿಗೆಯಂತೆ ಅಚ್ಚುಕಟ್ಟು. "ಪ್ರಜ್ಞಾನೂ ಕರ್ಕೊಂಡು ಹೋಗಿ."

"ತಾಳು, ಮೊದ್ಲು ನಾನೊಬ್ನೇ ಹೋಗಿ ಗಾಳಿ ಯಾವ ಕಡೆ ಬೀಸ್ತಿದೆ ಅಂತ ನೋಡ್ತೀನಿ" ಅಂದ ನರೇಶ. ಮದುವೆಗೆಂದು ಇಟ್ಟಿದ್ದ ಶರ್ಟು ತೊಟ್ಟ. ಶೂ ಹಾಕಿಕೊಂಡ. ದಾರಿಯಲ್ಲಿ ಕಾಜು ಬರ್ಫಿಯ ಡಬ್ಬಿಯೊಂದನ್ನು ಕೊಳ್ಳುವುದೆಂದು ನಿರ್ಧರಿಸಿದ.

ಮೆಟ್ಟಿಲ ಬುಡದಲ್ಲಿ ರಿಮ್ಶಾಳ ತಂದೆ ಚಾಂದ್ ಪಾಷಾ ಸ್ಕೂಟರಿಗೆ ಮಾವಿನಹಣ್ಣಿನ ಕ್ರೇಟು ಕಟ್ಟುತ್ತಿದ್ದ. ಅವನದು ಶಿವಾಜಿನಗರದ ಮಾರ್ಕೆಟ್ಟಿನಲ್ಲಿ ಹಣ್ಣಿನ ವ್ಯಾಪಾರ.

"ಚಾಂದ್ ಭಾಯ್, ರಿಮ್ಶಾನ ಸೇರಿಸೋವಾಗ ಯಾರನ್ನ ಹಿಡಿದ್ರಿ?"

"ರಿಮ್ಶಾ ಕೈನೇ ಹಿಡ್ಕೊಂಡು ಹೋದೆ. ಹೆಸರು ಬರ್ಕೊಂಡ್ರು. ಬಂದೆ."

"ಅಲ್ಲಾ, ಒಳಗಡೆಯಿಂದ ಯಾರು..."

"ಅರೆ, ಒಳಗಡೆ ಟೀಚರ್ ಇದ್ರು ಭಾಯ್! ಇನ್ಯಾರಿರ್ತಾರೆ? ಸೀದಾ ಹೋಗಿ" ಎಂದು ಚಾಂದ್ ಪಾಷಾ ಕಿಕ್ ಹೊಡೆದು ಹೊರಟೇಹೋದ. ವ್ಯಾಪಾರಸ್ಥ ತನ್ನ ಗುಟ್ಟು ಬಿಟ್ಟುಕೊಡುವುದಿಲ್ಲ ಎಂದು ನರೇಶ ತಿಳಿದ.

ಕೆಳಗಿನ ಮನೆಯ ಬಾಗಿಲಲ್ಲಿ ಸೊಪ್ಪು ಬಿಡಿಸುತ್ತಿದ್ದ ಮಂಜುಳಮ್ಮ ಇದನ್ನೆಲ್ಲ ಕೇಳಿಸಿಕೊಂಡಿದ್ದರು. ಅವರು ಮನೆಯ ಓನರು. ಬಾಡಿಗೆದಾರರ ಮನೆಯ ಸಾರಿನ ಉಪ್ಪಿನಿಂದ ಹಿಡಿದು ಸಂಸಾರದ ಗುಟ್ಟಿನವರೆಗೆ ಎಲ್ಲದರಲ್ಲೂ ತಮಗೊಂದು ಪಾಲಿದೆ ಎಂದು ನಂಬಿದವರು.

"ಅವನ ಮಾತು ಕೇಳ್ಬೇಡ ಕಣಪ್ಪಾ. ಆ ಸ್ಕೂಲು ಈಗ ಮುಂಚಿನಂಗಿಲ್ಲ. ಕಂಪ್ಯೂಟರ್ ಬಂದಿದೆ, ಇಂಗ್ಲಿಷ್ ಮೀಡಿಯಂ ಬಂದಿದೆ, ಟೀಚರ್ಸೆಲ್ಲ ಪರೀಕ್ಷೆ ಪಾಸಾಗಿ ಬಂದೋರು. ಸಿ.ವಿ. ರಾಮನ್ ನಗರದಿಂದ ಆಟೋದಲ್ಲಿ ಬರ್ತಾವೆ ಮಕ್ಳು. ಅಂಥದ್ರಲ್ಲಿ ಬಾ ಅಂತ ಕರೆದು ಸೀಟು ಕೊಡ್ತಾರಾ? ವಶೀಲಿ ಬೇಕು, ವಶೀಲಿ! ನಮ್ಮ ಮುನಿಕೃಷ್ಣಪ್ಪಣ್ಣನ್ನ ನೋಡು. ಹಿಂದೆ ಕಾರ್ಪೊರೇಟರ್ ಆಗಿದ್ದೋರು. ನನ್ನ ಹೆಸರು ಹೇಳು."

ಮೊದಲು ಶಾಲೆಯನ್ನೇ ನೋಡಿ ಬರೋಣ ಎಂದು ನರೇಶ ಹೊರಟ.

ಶಾಲೆಯ ಗೇಟು ತೆರೆದಿತ್ತು. ಅದೂ ಅವನಿಗೆ ಅನುಮಾನಕ್ಕೆ ಕಾರಣವಾಯಿತು. ಕಲ್ಯಾಣ ನಗರದಲ್ಲಿ ಸೆಕ್ಯುರಿಟಿಯವನು ಫೋನ್ ಮಾಡಿ ಕೇಳಿ, ಒಂದು ಗಂಟೆ ನಿಲ್ಲಿಸಿ, ಆಮೇಲೆ ಒಳಗೆ ಬಿಡುತ್ತಿದ್ದ. ಇಲ್ಲಿ ತಡೆಯುವವರೇ ಇಲ್ಲ. ದೊಡ್ಡ ಬೇವಿನ ಮರ, ಅದರಾಚೆ ಮೈದಾನ. ಅಡುಗೆ ಕೋಣೆಯಲ್ಲಿ ಬಿಸಿಯೂಟ ಮಾಡುವ ದೊಡ್ಡಮುನಿಯಮ್ಮ ಅವನ ಇಸ್ತ್ರಿ ಶರ್ಟು, ಶೂ, ಕೈಯಲ್ಲಿನ ಡಬ್ಬಿ ನೋಡಿ ಸೌಟು ಬಿಟ್ಟು ಕೂಗಿದಳು.

"ಮೇಡಂ, ಆಫೀಸ್ನೋರು ಬಂದವ್ರೆ!"

ಮುಖ್ಯ ಶಿಕ್ಷಕಿ ಶಂಶುನ್ನೀಸಾ ಮೇಡಂ ಹೊರಗೆ ಬಂದರು. "ಬನ್ನಿ ಸಾರ್. ಯಾವ ಸೆಕ್ಷನ್ನಿಂದ ಬಂದ್ರಿ?"

ಸಂದರ್ಶನ ಶುರುವಾಯಿತು ಎಂದುಕೊಂಡ ನರೇಶ. ಈ ಸಲ ಹುಟ್ಟಿದ ತಾರೀಖು ಹೇಳಬಾರದು. "ಕಿಟಕಿ ಅಳೆಯೋದು ಮೇಡಂ" ಎಂದು ತನ್ನ ಉದ್ಯೋಗ ಹೇಳಿದ.

ಮೇಡಂ ಮುಖ ಅರಳಿತು. "ಅಂತೂ ಬಂದ್ರಲ್ಲ! ಕಿಟಕಿ ರಿಪೇರಿ ಮಾಡ್ಸಿ ಅಂತ ಬರ್ದು ಬರ್ದು ಸಾಕಾಗಿತ್ತು. ಬನ್ನಿ, ಒಂದನೇ ಕ್ಲಾಸಿಂದಾನೇ ಅಳೀರಿ."

ನರೇಶನ ಜೇಬಿನಲ್ಲಿ ಟೇಪು ಯಾವಾಗಲೂ ಇರುತ್ತಿತ್ತು. ಸೀಟು ಕೊಡುವವರು ಅಳೆ ಅಂದರೆ ಅಳೆಯಬೇಕು. ಕಲ್ಯಾಣ ನಗರದಲ್ಲಿ ಇದಕ್ಕಿಂತ ವಿಚಿತ್ರವಾದದ್ದನ್ನೆಲ್ಲ ಮಾಡಿಸಿದ್ದರು. ಅವನು ಡಬ್ಬಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಅಳೆಯತೊಡಗಿದ.

ಒಂದನೇ ಕ್ಲಾಸಿನ ಕಿಟಕಿಯಿಂದ ನೋಡಿದರೆ ಮಕ್ಕಳು ನೆಲದ ಮೇಲೆ ದುಂಡಗೆ ಕೂತು ಹುಣಸೆ ಬೀಜ ಇಟ್ಟುಕೊಂಡು ಕೂಡಿಸುತ್ತಿದ್ದವು. ಒಂದು ಮಗು ತಮಿಳಿನಲ್ಲಿ ಏನೋ ಕೇಳಿತು, ಟೀಚರು ತಮಿಳಿನಲ್ಲೇ ಹೇಳಿ, ಮತ್ತೆ ಕನ್ನಡದಲ್ಲಿ ಹೇಳಿಸಿದರು. ಇನ್ನೊಂದು ಕಿಟಕಿಯಲ್ಲಿ ಹುಡುಗಿಯೊಬ್ಬಳು ಬೋರ್ಡಿನ ಮೇಲೆ ಎಲೆಯ ಚಿತ್ರ ಬರೆದು ಇಡೀ ಕ್ಲಾಸಿಗೆ ಇಂಗ್ಲಿಷಿನಲ್ಲಿ ಪಾಠ ಮಾಡುತ್ತಿದ್ದಳು. ತಪ್ಪಾದಾಗ ಕ್ಲಾಸೆಲ್ಲ ನಕ್ಕಿತು, ಅವಳೂ ನಕ್ಕಳು, ತಿದ್ದಿಕೊಂಡಳು. ಲೈಬ್ರರಿಯ ಕಿಟಕಿಯಲ್ಲಿ ಇಬ್ಬರು ಹುಡುಗರು ಒಂದೇ ಪುಸ್ತಕಕ್ಕೆ ಜಗಳವಾಡುತ್ತಿದ್ದರು. ಪುಸ್ತಕಕ್ಕೆ ಜಗಳವಾಡುವ ಮಕ್ಕಳನ್ನು ನರೇಶ ನೋಡಿದ್ದು ಅದೇ ಮೊದಲು. ಅವನಿಗೆ ಪ್ರಜ್ಞಾಳ ನೆನಪಾಯಿತು. ಇಂಥ ಶಾಲೆಯಲ್ಲಿ ಸೀಟು ಸಿಗುವುದುಂಟೆ? ನೋಡಿದಷ್ಟೂ ಶಾಲೆ ಒಳ್ಳೆಯದಾಗಿ, ಒಳ್ಳೆಯದಾದಷ್ಟೂ ಸೀಟು ದೂರವಾಗಿ ಕಂಡಿತು.

ಅಳತೆ ಮುಗಿಯುವಷ್ಟರಲ್ಲಿ ಊಟದ ಹೊತ್ತಾಯಿತು. ದೊಡ್ಡಮುನಿಯಮ್ಮ ಅವನ ಮುಂದೆ ತಟ್ಟೆ ಇಟ್ಟು, "ಮಕ್ಳಿಗೆ ಬಡ್ಸೋಕ್ಮುಂಚೆ ದೊಡ್ಡೋರು ರುಚಿ ನೋಡ್ಬೇಕು, ರೂಲ್ಸು. ಇವತ್ತು ನೀವೇ ನೋಡಿ ಸಾ" ಅಂದಳು. ನರೇಶ ಅನ್ನ ಸಾಂಬಾರಿನ ರುಚಿ ನೋಡಿದ. ಇನ್ನೊಮ್ಮೆ ನೋಡಿದ. ಮೂರನೆಯ ಸಲ ನೋಡುವಾಗ ಮೇಡಂ, "ಸಾಕು ಸಾರ್, ಮಕ್ಳಿಗೂ ಇರ್ಲಿ" ಅಂದರು.

ಈಗಲೇ ಸಮಯ ಎಂದು ನರೇಶ ಡಬ್ಬಿ ಮುಂದೆ ಚಾಚಿ, ದನಿ ಇಳಿಸಿ ಕೇಳಿದ. "ಮೇಡಂ, ನನ್ನ ಮಗಳಿಗೆ ಒಂದನೇ ಕ್ಲಾಸಲ್ಲಿ ಒಂದು ಸೀಟು... ಏನಾಗತ್ತೆ, ಹೇಳ್ಬಿಡಿ."

ಶಂಶುನ್ನೀಸಾ ಮೇಡಂ ಅವನನ್ನೇ ದಿಟ್ಟಿಸಿದರು. "ಮಗು ಸೇರಿಸೋಕೆ ಬಂದೋರಾ ನೀವು? ಮತ್ತೆ ಕಿಟಕಿ ಯಾಕ್ರೀ ಅಳೆದ್ರಿ?"

"ನೀವು ಅಳೀರಿ ಅಂದ್ರಲ್ಲ ಮೇಡಂ."

ಅವರಿಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. "ಏನೂ ಆಗಲ್ಲ, ಏನೂ ಬೇಡ. ಮಗೂನ ಕರ್ಕೊಂಡು ಬನ್ನಿ, ಅಷ್ಟೆ. ಈ ಡಬ್ಬಿ ತಗೊಂಡ್ಹೋಗಿ. ಅವಳು ಸೇರಿದ ದಿನ ಮಕ್ಳಿಗೆ ಹಂಚಿ" ಎಂದು ಹೇಳಿ ಊಟ ಬಡಿಸಲು ಹೋದರು.

ನರೇಶ ಗೇಟಿನ ಹೊರಗೆ ಬಂದು ನಿಂತ. ಕಲ್ಯಾಣ ನಗರದಲ್ಲಿ ಡಬ್ಬಿ ತೆಗೆದುಕೊಂಡಿದ್ದರು, ಸೀಟು ಕೊಟ್ಟಿದ್ದರು. ಇಲ್ಲಿ ಡಬ್ಬಿಯೇ ವಾಪಸ್ಸು ಬಂತು. ಇದರ ಅರ್ಥ ಎಂಥ ದಡ್ಡನಿಗೂ ಆಗುತ್ತದೆ. ಸೀಟಿಲ್ಲ. ಮರ್ಯಾದಸ್ಥ ಹೆಂಗಸು, ಬಾಯಿಬಿಟ್ಟು ಹೇಳಲಿಲ್ಲ ಅಷ್ಟೆ. ಅವನು ಬರ್ಫಿ ಡಬ್ಬಿಯ ಸಮೇತ ಮುನಿಕೃಷ್ಣಪ್ಪನವರ ಮನೆಯ ಕಡೆ ಹೆಜ್ಜೆ ಹಾಕಿದ.

ಮುನಿಕೃಷ್ಣಪ್ಪನವರ ಕಾರ್ಪೊರೇಟರ್ ಪದವಿ ಹೋಗಿ ವರ್ಷಗಳಾಗಿದ್ದವು. ಆದರೆ ಅವರ ಮನೆಯ ಮುಂದಿನ ಚಪ್ಪಲಿಗಳು ಕಡಿಮೆಯಾಗಿರಲಿಲ್ಲ. ನರೇಶ ಹೋದಾಗ ಅವರು ಬಿಳಿ ಪಂಚೆಯುಟ್ಟು ಕಾರು ಹತ್ತುತ್ತಿದ್ದರು. "ಮಂಜುಳಮ್ಮ ಕಳ್ಸಿದ್ರು ಅಣ್ಣಾ" ಅಂದದ್ದಷ್ಟೇ ತಡ, "ಹತ್ತು, ದಾರೀಲಿ ಮಾತಾಡೋಣ" ಎಂದು ಅವನನ್ನೂ ಒಳಗೆಳೆದುಕೊಂಡರು. ಡಬ್ಬಿಯನ್ನು ತಾವೇ ಕೈಗೆ ತೆಗೆದುಕೊಂಡು ಬಿಚ್ಚಿದರು.

ದಾರಿಯಲ್ಲಿ ಮಾತಾಡಲು ಬರ್ಫಿ ಬಿಡಲಿಲ್ಲ. ಮೊದಲು ಒಂದು ಬೇಕರಿಯ ಉದ್ಘಾಟನೆ. ಅಲ್ಲಿ ಹಾರ ಹಿಡಿಯುವವನು ಬಂದಿರಲಿಲ್ಲ, ನರೇಶ ಹಾರ ಹಿಡಿದ. ಆಮೇಲೆ ಯಾರದೋ ಶ್ರದ್ಧಾಂಜಲಿ ಸಭೆ. ಅಲ್ಲಿ ಮೌನ ಆಚರಿಸುವಾಗ ಯಮುನಾಳ ಫೋನು ಬಂದು, ಅವನ ಜೇಬಿನಿಂದ ತಮಟೆ ಸದ್ದಿನ ರಿಂಗ್‌ಟೋನು ಮೊಳಗಿತು. ತೀರಿಕೊಂಡವರ ಮಗ ಅವನನ್ನು ದುರುಗುಟ್ಟಿ ನೋಡಿದ. ನರೇಶ ಫೋನು ಸೈಲೆಂಟಿಗೆ ಹಾಕಿದ. ಹಾಕಿದ್ದನ್ನು ಮರೆತೂಬಿಟ್ಟ.

ಅಲ್ಲಿಂದ ಹಿಂದಿರುಗುವಾಗ ಮುನಿಕೃಷ್ಣಪ್ಪ ಕೊನೆಯ ಬರ್ಫಿಯನ್ನು ಬಾಯಿಗೆ ಹಾಕಿಕೊಂಡು ಕೇಳಿದರು. "ಈಗ ಹೇಳು. ಖಾತಾನಾ, ಆಸ್ಪತ್ರೆನಾ, ಪೊಲೀಸ್ ಸ್ಟೇಷನ್ನಾ?"

"ಸ್ಕೂಲ್ ಸೀಟು ಅಣ್ಣಾ, ಮಗಳಿಗೆ."

"ಅಷ್ಟೇನಾ! ಯಾವ ಸ್ಕೂಲು?"

"ನಮ್ಮ ಬೀದಿ ಸರ್ಕಾರಿ ಸ್ಕೂಲು."

ಡ್ರೈವರು ಬ್ರೇಕ್ ಹಾಕಿದ. ಮುನಿಕೃಷ್ಣಪ್ಪನವರು ಬರ್ಫಿ ನೆತ್ತಿಗೆ ಹತ್ತಿ, ಕೆಮ್ಮಿ, ನಕ್ಕು, ಮತ್ತೆ ಕೆಮ್ಮಿದರು. ಸುಧಾರಿಸಿಕೊಂಡ ಮೇಲೆ ಅವನ ಮುಖವನ್ನು, ಮದುವೆಯ ಶರ್ಟನ್ನು ಕನಿಕರದಿಂದ ನೋಡಿದರು. "ಈಗ ಎಲ್ಲಿ ಓದ್ತಿದಾಳೆ?"

ನರೇಶ ಕಲ್ಯಾಣ ನಗರದ ಶಾಲೆಯ ಹೆಸರು ಹೇಳಿದ.

"ಓ, ಅದಾ!" ಎಂದು ಅವರು ಕಿಟಕಿಯಾಚೆ ನೋಡಿ ತಮ್ಮಷ್ಟಕ್ಕೇ ಮುಗುಳ್ನಕ್ಕರು. "ಬಿಡು, ನಂಗೆ ಅರ್ಥ ಆಯ್ತು. ಎಲ್ಲಾನೂ ಬಾಯಿಬಿಟ್ಟು ಹೇಳ್ಬೇಕಾಗಿಲ್ಲ. ಸಂಜೆ ನಾನೇ ಮನೆಗೆ ಬಂದು ಒಳ್ಳೆ ಸುದ್ದಿ ಹೇಳ್ತೀನಿ. ಅಂದಹಾಗೆ ನೀನು ಮುದಸ್ಸಿರ್ ಸಾಹೇಬ್ರ ಪರದೆ ಅಂಗಡಿಯೋನಲ್ವಾ? ನಮ್ಮ ಕಲ್ಯಾಣ ಮಂಟಪದ ಕಿಟಕಿ ಒಂಚೂರು ಅಳೆದುಬಿಡು."

ಒಂಚೂರು ಅಂದರೆ ಕಲ್ಯಾಣ ಮಂಟಪದ ಮೂರೂ ಮಹಡಿ. ಬೆಳಿಗ್ಗೆ ಪರದೆ ಬೇಡದ ಕಿಟಕಿ ಅಳೆದವನು ಮಧ್ಯಾಹ್ನ ಪರದೆ ಬೇಕಾದ ಕಿಟಕಿ ಅಳೆದ. ಮುನಿಕೃಷ್ಣಪ್ಪ ಅಲ್ಲಿಂದಲೇ ಮುದಸ್ಸಿರ್ ಸಾಹೇಬರಿಗೆ ಫೋನ್ ಮಾಡಿ ಇಡೀ ಮಂಟಪಕ್ಕೆ ಪರದೆಯ ಆರ್ಡರು ಕೊಟ್ಟರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ, ತನಗೆ ಪೂಜಾರಿಯೇ ಒಲಿದ ಎಂದು ನರೇಶ ಏಣಿಯ ಮೇಲೆ ನಿಂತು ಹಿಗ್ಗಿದ.

ಸಂಜೆ ಮನೆಗೆ ಬಂದರೆ ಮೆಟ್ಟಿಲ ಮೇಲೆ ಪ್ರಜ್ಞಾ ಮತ್ತು ರಿಮ್ಶಾ. ಪ್ರಜ್ಞಾಳ ಮಡಿಲಲ್ಲಿ ಹೊಸ ಪಠ್ಯಪುಸ್ತಕಗಳು. ಅವಳು ಅವುಗಳನ್ನು ಮೂಸಿ ಮೂಸಿ ನೋಡುತ್ತಿದ್ದಳು.

"ಅಪ್ಪಾ! ನಂಗೆ ಪುಸ್ತಕ ಕೊಟ್ರು! ಮರದ ಕೆಳಗೆ ಆಟ ಆಡಿದ್ವಿ! ನಂಗೆ ವಾಂತಿನೇ ಬರ್ಲಿಲ್ಲ!"

ಯಮುನಾ ಸೊಂಟಕ್ಕೆ ಕೈಯಿಟ್ಟು ಬಾಗಿಲಲ್ಲಿ ನಿಂತಿದ್ದಳು. "ಫೋನ್ ಮಾಡಿ ಮಾಡಿ ಬೆರಳು ಸವೀತು. ನೀವು ಎತ್ಲಿಲ್ಲ. ಕೊನೆಗೆ ನಾನೇ ಮಧ್ಯಾಹ್ನ ಕರ್ಕೊಂಡು ಹೋದೆ. ಹೆಸರು ಬರ್ಕೊಂಡ್ರು, ಆಗೋಯ್ತು. ಟೀ ಕಾಯೋಷ್ಟು ಹೊತ್ತೂ ಆಗ್ಲಿಲ್ಲ. ನಿಮ್ಮ ಯಜಮಾನ್ರು ಕಿಟಕಿ ಎಲ್ಲಾ ಅಳೆದು ಓಡಿಹೋದ್ರು, ಹುಷಾರಾಗಿದಾರಾ ಅಂತ ಮೇಡಂ ಕೇಳಿದ್ರು."

ಮಗಳ ಮುಖ ನೋಡಿ ನರೇಶನ ಕಣ್ಣು ತುಂಬಿತು. ತನ್ನ ದಡ್ಡತನದ ಬಗ್ಗೆ ನಾಚಿಕೆಪಡಲೂ ಅವನಿಗೆ ಪುರುಸೊತ್ತು ಸಿಗಲಿಲ್ಲ. ಕೆಳಗೆ ಕಾರಿನ ಹಾರನ್ ಕೇಳಿತು. ಮುನಿಕೃಷ್ಣಪ್ಪ ಇಬ್ಬರು ಹಿಂಬಾಲಕರೊಂದಿಗೆ ಮೆಟ್ಟಿಲು ಹತ್ತಿ ಬಂದು ಅವನ ಬೆನ್ನು ತಟ್ಟಿದರು.

"ಕೆಲಸ ಆಯ್ತು ಕಣೋ! ಕಲ್ಯಾಣ ನಗರದ ಆ ಸ್ಕೂಲು ಯಾರ್ದು ಗೊತ್ತಾ? ನಮ್ಮ ಬೀಗರ್ದು! ನಿನ್ನ ಮಗಳ ಸೀಟು ಅಲ್ಲೇ ಗಟ್ಟಿ. ಫೀಸಲ್ಲೂ ಸ್ವಲ್ಪ ಬಿಡ್ತಾರೆ. ಸೋಮವಾರ ವ್ಯಾನು ಬರತ್ತೆ."

"ಅಣ್ಣಾ, ನಾನು ಕೇಳಿದ್ದು ಸರ್ಕಾರಿ..."

"ಏ, ಸುಮ್ನಿರೋ! ಸರ್ಕಾರಿ ಸ್ಕೂಲಿಗೆ ಯಾವನಾದ್ರೂ ವಶೀಲಿ ಕೇಳ್ತಾನಾ? ಫೀಸಿಗೆ ಕಷ್ಟ ಆಗಿದೆ, ಸಂಕೋಚಕ್ಕೆ ಹಂಗೆ ಸುತ್ತಿ ಬಳಸಿ ಹೇಳ್ದೆ. ಮನುಷ್ಯನ್ನ ನೋಡಿದ್ರೇ ನಂಗೆ ಗೊತ್ತಾಗಲ್ವಾ?"

ಪ್ರಜ್ಞಾ ಪುಸ್ತಕಗಳನ್ನು ಎದೆಗವಚಿಕೊಂಡು ಅಮ್ಮನ ಸೆರಗಿನ ಹಿಂದೆ ಸರಿದಳು. ಯಮುನಾ ಮುಂದೆ ಬಂದಳು. "ಅಣ್ಣಾ, ಅವಳು ಇವತ್ತು ಮಧ್ಯಾಹ್ನ ಸರ್ಕಾರಿ ಸ್ಕೂಲಿಗೆ ಸೇರಿಯಾಯ್ತು. ಇನ್ನು ವ್ಯಾನು ಹತ್ತಲ್ಲ."

"ಸೇರಿಯಾಯ್ತಾ? ಯಾರು ಫೋನ್ ಮಾಡಿದ್ರು?"

"ಯಾರೂ ಇಲ್ಲ. ನಡ್ಕೊಂಡು ಹೋದ್ವಿ."

ಮುನಿಕೃಷ್ಣಪ್ಪ ಹೊಲಿಗೆ ಮಿಷನ್ನಿನ ಸ್ಟೂಲಿನ ಮೇಲೆ ಕುಸಿದು ಕೂತರು. ಅವರ ರಾಜಕೀಯ ಜೀವನದಲ್ಲಿ ಇಂಥ ಅವಮಾನ ಆಗಿರಲಿಲ್ಲ. ಆಮೇಲೆ ನರೇಶನ ಕಡೆ ತಿರುಗಿದರು.

"ನೋಡಪ್ಪಾ, ಈ ವರ್ಷ ಮಕ್ಳೇ ಬರ್ತಿಲ್ಲ ಅಂತ ಬೀಗರು ಒಂದೇ ಸಮ ಗೋಳಾಡ್ತಿದ್ರು. ನಾನೊಂದು ಮಗು ಕಳಿಸ್ತೀನಿ ಅಂತ ಮಾತು ಕೊಟ್ಬಿಟ್ಟಿದೀನಿ. ಹೆಣ್ಣು ಕೊಟ್ಟಿರೋ ಮನೆ. ಮಾತು ತಪ್ಪೋಕಾಗತ್ತಾ? ನಿನ್ನ ಮಗಳು ಇಲ್ದಿದ್ರೆ ಇನ್ನೊಂದು ಮಗೂನ ನೀನೇ ಹುಡ್ಕಿಕೊಡು. ಸೋಮವಾರ ವ್ಯಾನು ಖಾಲಿ ಹೋಗ್ಬಾರ್ದು."

ನರೇಶ ಬಾಯಿ ತೆರೆಯುವಷ್ಟರಲ್ಲಿ ಕೈಯಲ್ಲಿದ್ದ ಫೋನು ಸದ್ದಿಲ್ಲದೆ ಮಿನುಗಿತು. ಮುದಸ್ಸಿರ್ ಸಾಹೇಬರು. "ಮಾಶಾ ಅಲ್ಲಾ ನರೇಶ್! ಎಂಥಾ ಆರ್ಡರ್ ತಂದ್ಬಿಟ್ಟೆ! ಮುನಿಕೃಷ್ಣಪ್ಪಣ್ಣ ಏನು ಹೇಳಿದ್ರೂ ಮಾಡು. ಅವರ ಮನಸ್ಸು ಒಂಚೂರು ನೋಯ್ಬಾರ್ದು, ಆಯ್ತಾ?"

"ಆಯ್ತು ಸಾಹೇಬ್ರೇ" ಅಂದ ನರೇಶ.

ಮುನಿಕೃಷ್ಣಪ್ಪ ಕಾಫಿ ಕುಡಿದು ಹೊರಟ ಮೇಲೆ ಅವನು ಅದೇ ಮದುವೆಯ ಶರ್ಟಿನಲ್ಲಿ ಬೀದಿಗಿಳಿದ. ಖಾಸಗಿ ಶಾಲೆಗೊಂದು ಮಗು ಬೇಕು. ಮೊದಲ ಮನೆಯವರು, "ಅಲ್ಲೇನಿದೆ ಅಂಥಾದ್ದು?" ಎಂದು ಕೇಳಿದರು. ನರೇಶ ಯೋಚಿಸಿದ. ಮೈದಾನ ಅನ್ನೋಣವೆಂದರೆ ಇಲ್ಲ, ಮರ ಇಲ್ಲ, ಊಟ ಇಲ್ಲ. "ವ್ಯಾನು ಇದೆ" ಅಂದ. "ಹಳದಿ ಬಣ್ಣದ್ದು. ಚೆನ್ನಾಗಿದೆ." ಅವರು ಬಾಗಿಲು ಹಾಕಿಕೊಂಡರು. ಎರಡನೆಯ ಮನೆಯಲ್ಲಿ ಅವನು ಉತ್ಸಾಹದಿಂದ ಶುರುಮಾಡಿ, ಬೇವಿನ ಮರ, ಲೈಬ್ರರಿ, ಹುಣಸೆ ಬೀಜದ ಲೆಕ್ಕ, ಸಾಂಬಾರಿನ ರುಚಿ ಎಲ್ಲವನ್ನೂ ವರ್ಣಿಸಿ ನಿಲ್ಲಿಸಿದಾಗ, ಅದೆಲ್ಲ ಬೀದಿಯ ಕೊನೆಯ ಶಾಲೆಯದೆಂದು ಅವನಿಗೇ ಹೊಳೆಯಿತು. ಆ ಮನೆಯವರು ಅವನಿಗೆ ಥ್ಯಾಂಕ್ಸ್ ಹೇಳಿ, ನಾಳೆಯೇ ಅಲ್ಲಿಗೆ ಸೇರಿಸುತ್ತೇವೆ ಅಂದರು.

ಕೊನೆಗೆ ಉಳಿದದ್ದು ಮಂಜುಳಮ್ಮ. ಅವರ ಮೊಮ್ಮಗ ಸಿದ್ಧಾರ್ಥ್ ಒಂದನೇ ಕ್ಲಾಸಿಗೆ ಬಂದಿದ್ದ. ಈ ತಾಪತ್ರಯ ಹಚ್ಚಿದವರೇ ಅವರು. ಅವರಾದರೂ ತನ್ನನ್ನು ಕಾಯದೆ ಇರುತ್ತಾರೆಯೇ? ಅವನು ಬೆಲ್ ಒತ್ತಿದ.

"ಬಾಪ್ಪಾ ಬಾ! ನೂರು ವರ್ಷ ಆಯಸ್ಸು ನಿಂಗೆ" ಎಂದು ಮಂಜುಳಮ್ಮ ಅವನ ಬಾಯಿಗೆ ಒಂದು ಚಮಚ ಸಕ್ಕರೆ ಹಾಕಿದರು. "ನಿನ್ನಿಂದ ದೊಡ್ಡ ಉಪಕಾರ ಆಯ್ತು."

"ನನ್ನಿಂದಾನಾ?"

"ಮತ್ತೆ? ಮುನಿಕೃಷ್ಣಪ್ಪಣ್ಣನ ಕಾರಲ್ಲಿ ನೀನು ಹೋಗ್ತಿದ್ದಿದ್ದನ್ನ ನಾನೇ ಕಣ್ಣಾರೆ ನೋಡಿದ್ನಲ್ಲ. ಇನ್ನೇನು ಬಿಡು, ವಶೀಲಿ ಕೆಲಸ ಮಾಡಿಬಿಟ್ಟಿದೆ, ಬಿಸಿ ಇದ್ದಾಗ್ಲೇ ನಮ್ದೂ ಒಂದು ಆಗೋಗ್ಲಿ ಅಂತ ಯಮುನಾ ಹಿಂದೇನೇ ಸಿದ್ಧಾರ್ಥ್‌ನ ಕರ್ಕೊಂಡು ಹೋದೆ. ಒಂದು ಮಾತಾಡ್ದೆ ಸೀಟು ಕೊಟ್ರು! ನಿನ್ನ ವಶೀಲಿ ಅಂದ್ರೆ ಸುಮ್ನೇನಾ? ಇಡೀ ಬೀದಿಗೆ ಹೇಳಿದೀನಿ, ಸರ್ಕಾರಿ ಸ್ಕೂಲಲ್ಲಿ ಸೀಟು ಬೇಕಾದೋರು ನರೇಶನ್ನ ಹಿಡೀರಿ ಅಂತ."

ನರೇಶ ಸಕ್ಕರೆ ನುಂಗಿದ. ಕಷ್ಟಪಟ್ಟು ಕಲ್ಯಾಣ ನಗರದ ಶಾಲೆಯ ವಿಷಯ ಎತ್ತಿದ. ಸಿದ್ಧಾರ್ಥ್‌ನನ್ನು ಅಲ್ಲಿಗೆ ಬದಲಾಯಿಸಬಹುದೇ ಎಂದು ಕೇಳಿದ.

ಮಂಜುಳಮ್ಮ ಚಮಚ ಹಿಡಿದುಕೊಂಡೇ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಅಲ್ಲ ಕಣಪ್ಪಾ, ಅಷ್ಟು ಒಳ್ಳೆ ಸ್ಕೂಲಾಗಿದ್ರೆ ನಿನ್ನ ಮಗಳ್ನ ಯಾಕೆ ಬಿಡಿಸ್ದೆ?"

ನರೇಶ ಹೊರಗೆ ಬಂದ. ಮನೆಯ ಗೇಟಿನ ಬಳಿ ಆಗಲೇ ಏಳೆಂಟು ಜನ ತಂದೆತಾಯಿಗಳು ಮಕ್ಕಳ ಕೈ ಹಿಡಿದುಕೊಂಡು ನಿಂತಿದ್ದರು. ಅವನನ್ನು ಕಂಡೊಡನೆ ಎಲ್ಲರೂ ಎದ್ದುಬಿದ್ದು ಹತ್ತಿರ ಬಂದರು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಬರ್ಫಿ ಡಬ್ಬಿ ಇತ್ತು.